ಗಾಳಿ ನುಸುಳದ ಮನೆ

ನನ್ನ ಅಕ್ಕನ ಮಗನನ್ನು ಜೊತೆ ಕೆಲಸದವರು ಬಿರಡೆ ಎಂದು ಕರೆಯುತ್ತಿದ್ದರು. ಸೀಸೆಯ ಬಾಯಿಗೆ ಜಡಿಯುತ್ತೇವಲ್ಲ, ಆ ಬಿರಡೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಹೆತ್ತವಳು ಇಟ್ಟ ಚೆಂದದ ಹೆಸರಿರುವಾಗ ಇದೆಂಥ ಕರೆಯುವುದು ಎಂದು ಒಂದೆರಡು ಸಲ ಅವರ ಮೇಸ್ತ್ರಿಯ ಮುಂದೆಯೇ ಮುಖ ಗಂಟು ಹಾಕಿಕೊಂಡಿದ್ದೆ. ಆಮೇಲೆ ನನ್ನ ಬಾಯಿಗೂ ಅದೇ ರೂಢಿಯಾಯಿತು. ಅವನಿಗಂತೂ ಆ ಹೆಸರು ತುಂಬಾ ಹಿಡಿಸಿತ್ತು.

ಅವನ ಕೆಲಸ ಶೀತಲ ಕೋಣೆ ಕಟ್ಟುವುದು. ಹಣ್ಣು, ಮೀನು, ಔಷಧಿ ಕೆಡದಂತೆ ಇಡಲು ಗೋದಾಮುಗಳಲ್ಲಿ ತಣ್ಣನೆಯ ದೊಡ್ಡ ಕೋಣೆಗಳಿರುತ್ತವಲ್ಲ, ಅವನ್ನು. ದಪ್ಪ ಹಲಗೆಗಳನ್ನು ಒಂದಕ್ಕೊಂದು ಕೂಡಿಸಬೇಕು, ಸಂದಿಗೆ ನೊರೆ ತುಂಬಬೇಕು, ಬಾಗಿಲ ಸುತ್ತ ರಬ್ಬರ್ ಪಟ್ಟಿ ಕೂರಿಸಬೇಕು. ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಕೋಣೆಯ ಒಳಗೆ ದೊಡ್ಡ ದೀಪ ಹಚ್ಚಿಟ್ಟು, ಬಾಗಿಲು ಮುಚ್ಚಿ, ಗೋದಾಮನ್ನು ಕತ್ತಲು ಮಾಡುತ್ತಾರೆ. ಹೊರಗೆ ನಿಂತವರಿಗೆ ಎಲ್ಲಾದರೂ ಬೆಳಕಿನ ಎಳೆ ಕಂಡರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಬಿರಡೆ ಮುಚ್ಚಿದ ಕೋಣೆಯಲ್ಲಿ ಎಳೆ ಕಂಡದ್ದೇ ಇಲ್ಲವಂತೆ. "ಇವನು ಮುಚ್ಚಿದ್ರೆ ಗಾಳೀನೂ ಅರ್ಜಿ ಹಾಕ್ಕೊಂಡು ಕಾಯ್ಬೇಕು" ಎಂದು ಮೇಸ್ತ್ರಿ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ಭಾವ ಬೇಗ ಹೋಗಿಬಿಟ್ಟರು. ಅಕ್ಕ ಲಾಂಡ್ರಿಯೊಂದರಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಡಚುತ್ತಾ ಎರಡು ಮಕ್ಕಳನ್ನು ಸಾಕಿದಳು. ಮಗನ ಕೆಳಗೆ ಒಬ್ಬಳು ಮಗಳು. ಅವಳನ್ನು ನಾವೆಲ್ಲ ಪುಟ್ಟಿ ಅಂತಲೇ ಕರೆದದ್ದು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಗಂಟುಮೂಟೆ ಕಟ್ಟುವುದೇ ಆ ಮೂವರ ಬಾಳಾಗಿತ್ತು. ಒಬ್ಬ ಮಾಲೀಕ ಗೋಡೆಗೆ ಮೊಳೆ ಹೊಡೆಯಬಾರದು ಎನ್ನುತ್ತಿದ್ದ, ಇನ್ನೊಬ್ಬಳು ಸಂಜೆಯಾಗುತ್ತಲೇ ನೀರಿನ ವಾಲ್ವ್ ತಿರುಗಿಸಿಬಿಡುತ್ತಿದ್ದಳು. ಒಂದು ಮನೆಯಲ್ಲಿ ಮಲಗುವ ಕೋಣೆಯ ಕಿಟಕಿಗೆ ಗಾಜೇ ಇರಲಿಲ್ಲ. ಚಳಿಗಾಲ ಪೂರ್ತಿ ಪುಟ್ಟಿಗೆ ಎದೆ ಸುಂಯ್ ಸುಂಯ್ ಎನ್ನುತ್ತಿತ್ತು. ಅಕ್ಕ ಹೋಗಿ ಕೇಳಿದ್ದಕ್ಕೆ ಆ ಮಾಲೀಕ, "ಗಾಜು ಒಡೆದಿದ್ದು ನಾನಾ?" ಎಂದನಂತೆ. ಆ ಚಳಿಗಾಲದಲ್ಲಿ ಅಣ್ಣನೆನಿಸಿಕೊಂಡ ಈ ಹುಡುಗ ರಟ್ಟು, ಹಳೆಯ ಪೇಪರು, ಹಿಟ್ಟಿನ ಅಂಟು ಸೇರಿಸಿಕೊಂಡು ಆ ಕಿಟಕಿಯನ್ನು ಎಷ್ಟು ಗಟ್ಟಿಯಾಗಿ ಮುಚ್ಚಿದನೆಂದರೆ, ಮನೆ ಬಿಡುವಾಗ ಅದನ್ನು ಕೀಳಲು ಮಾಲೀಕ ಉಳಿ ತರಬೇಕಾಯಿತು. ಗಾಳಿ ಎಂದರೆ ತಂಗಿಗೆ ಕೆಡುಕು ಮಾಡುವ ವಸ್ತು ಎಂದು ಅವನ ತಲೆಯಲ್ಲಿ ಕೂತದ್ದು ಆಗಲೇ ಇರಬೇಕು.

ನಾನು ಪರದೆ ಹೊಲಿಯುವವಳು. ಊರಿನ ಅರ್ಧ ಕಿಟಕಿಗಳ ಅಳತೆ ನನಗೆ ಬಾಯಿಪಾಠ. ಕಿಟಕಿಯ ಹಿಂದೆ ಇರುವವರ ಅಳತೆಯೂ ಸ್ವಲ್ಪ ಸ್ವಲ್ಪ ಗೊತ್ತಾಗುತ್ತದೆ. ಒಂದು ದಿನ ಬಿರಡೆ ನನ್ನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. ಮುಖದಲ್ಲಿ ಏನೋ ಕದ್ದು ತಂದವನ ಕಳೆ.

"ಚಿಕ್ಕಮ್ಮ, ನಾನೊಂದು ಮನೆ ತಗೋತೀನಿ."

"ತಗೋಳಪ್ಪ. ಪರದೆ ಪುಕ್ಕಟೆ, ಬಟ್ಟೆ ನಿಂದು."

"ನಮಗಲ್ಲ. ಬಾಡಿಗೆಗೆ ಕೊಡೋಕೆ."

"ನೀವೇ ಬಾಡಿಗೆ ಮನೇಲಿ ಇದೀರಲ್ಲೋ!"

"ಅದೇ ಉಪಾಯ. ನಾವು ಸಣ್ಣ ಬಾಡಿಗೇಲಿ ಇರೋದು, ನಮ್ಮನೇನ ಒಳ್ಳೆ ಬಾಡಿಗೆಗೆ ಬಿಡೋದು. ಬಂದಿದ್ದು ನೇರ ಬ್ಯಾಂಕಿನ ಕಂತಿಗೆ. ಅದು ತೀರಿದ್ಮೇಲೆ ಇನ್ನೊಂದು ಮನೆ. ವಯಸ್ಸಿದ್ದಾಗ್ಲೇ ಶುರು ಮಾಡ್ಬೇಕು ಚಿಕ್ಕಮ್ಮ. ನಾವು ಮಲಗಿದ್ರೂ ಮನೆ ದುಡೀತಾ ಇರುತ್ತೆ."

ಕೊನೆಯ ಮಾತು ಅವನದಲ್ಲ ಎಂದು ಕೇಳಿದ ಕೂಡಲೇ ತಿಳಿಯಿತು. ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಬರುತ್ತಾನೆ. ತನ್ನದೋ ಪಕ್ಕದ ಮನೆಯವನದೋ ಎಂದು ಹೇಳಲಾಗದ ಒಂದು ಕಾರಿಗೆ ಒರಗಿ ನಿಂತು, ಇಪ್ಪತ್ತೈದಕ್ಕೆ ಮೊದಲ ಮನೆ ಕೊಳ್ಳದವನು ಬದುಕಿ ಏನು ಪ್ರಯೋಜನ ಎಂಬ ಅರ್ಥದಲ್ಲಿ ಕೈ ಆಡಿಸುತ್ತಾನೆ. ಬಿರಡೆಗೆ ಆಗ ಇಪ್ಪತ್ತೈದು. ನಾನು ಮೂಗು ಮುರಿದೆ. ಆದರೆ ಹೊಟ್ಟೆಯೊಳಗೆ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ. ನಮ್ಮ ಇಡೀ ವಂಶದಲ್ಲಿ ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲದ ಮೊದಲ ಮನುಷ್ಯ ಅವನಾಗುತ್ತಿದ್ದ.

"ಒಂದು ಮಾತು ಚಿಕ್ಕಮ್ಮ. ನಮ್ಮನೇಲಿ ಬಾಡಿಗೆಗೆ ಇರೋರು ಯಾವತ್ತೂ ಚಳೀಲಿ ನಡುಗಬಾರ್ದು. ಅಷ್ಟು ಮಾತ್ರ ನಾನು ನೋಡ್ಕೋತೀನಿ" ಎಂದು ಹೇಳಿ ಎದ್ದ.

ಬ್ರೋಕರ್ ತೋರಿಸಿದ ಮನೆ ಒಂದು ಸಂದಿಯ ಕೊನೆಯಲ್ಲಿತ್ತು. ಒಂದು ಹಾಲ್, ಒಂದು ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡ ಬಚ್ಚಲುಮನೆ. ಹಳೆಯದು, ಆದರೆ ಗಟ್ಟಿ. ಬಚ್ಚಲುಮನೆಯ ಗೋಡೆಯಲ್ಲಿ ಮೇಲೆ ಒಂದು ವೆಂಟಿಲೇಟರ್, ಅದರ ಓರೆ ಗಾಜಿನ ಪಟ್ಟಿಗಳು ಅರ್ಧ ಮುರಿದಿದ್ದವು. ಬಿರಡೆ ಮೊದಲು ಪ್ಲಂಬರನ್ನು ಕರೆಸಿ ಗ್ಯಾಸ್ ಗೀಸರ್ ಹಾಕಿಸಿದ. ಬಚ್ಚಲ ಗೋಡೆಗೆ ಗೀಸರ್, ಅಡುಗೆಮನೆಯಲ್ಲಿ ಸಿಲಿಂಡರ್, ನಡುವೆ ಕೊಳವೆ. ಪ್ಲಂಬರ್ ನಲ್ಲಿ ತಿರುಗಿಸಿ ತೋರಿಸಿದ, ನೀಲಿ ಬೆಂಕಿ ಭುಗ್ ಎಂದು ಹತ್ತಿತು, ಬಿಸಿನೀರು ಬಂತು. ಅವನು ಕೂಲಿ ತೆಗೆದುಕೊಂಡು ಹೋದ. ಅವನದೇನೂ ತಪ್ಪಿಲ್ಲ, ಅವನು ಹೋಗುವಾಗ ಆ ಮುರಿದ ವೆಂಟಿಲೇಟರ್ ತೆರೆದೇ ಇತ್ತು.

ಅವನು ಹೋದ ಮೇಲೆ ಬಿರಡೆ ತನ್ನ ಕೆಲಸ ಶುರು ಮಾಡಿದ. ಮುರಿದ ಗಾಜು ಕಿತ್ತು, ವೆಂಟಿಲೇಟರಿನ ಬಾಯಿಗೆ ಶೀತಲ ಕೋಣೆಯ ಬಿಳಿ ಹಲಗೆ ಕೂರಿಸಿ, ಸುತ್ತ ನೊರೆ ತುಂಬಿದ. ಬಚ್ಚಲ ಹಳೆಯ ಮರದ ಬಾಗಿಲು ತೆಗೆದು, ತಾನೇ ಮಾಡಿದ ಹಲಗೆಯ ಬಾಗಿಲು ಹಾಕಿ, ಮೂರು ಕಡೆ ರಬ್ಬರ್ ಪಟ್ಟಿ ಕೂರಿಸಿದ. ಬಾಗಿಲು ಮುಚ್ಚಿದರೆ ಬಸ್ಸಿನ ಬಾಗಿಲಂತೆ 'ಪುಸ್' ಎನ್ನುತ್ತಿತ್ತು. ನನ್ನನ್ನು ಕರೆದು ಮೂರು ನಾಲ್ಕು ಸಲ ಮುಚ್ಚಿ ತೋರಿಸಿದ. ನಾನು ಭೇಷ್ ಎಂದೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಬಚ್ಚಿಟ್ಟು, ಕೊನೆಗೆ ಬಿಚ್ಚಿ, ಓದುವವರನ್ನು ಬೆಚ್ಚಿಬೀಳಿಸುವ ಉದ್ದೇಶ ನನಗಿಲ್ಲ. ಗ್ಯಾಸ್ ಉರಿಯಬೇಕಾದರೆ ಗಾಳಿ ಬೇಕು. ಮುಚ್ಚಿದ ಜಾಗದಲ್ಲಿ ಗಾಳಿ ಸಾಲದಾದಾಗ ಬೆಂಕಿ ಆರುವುದಿಲ್ಲ, ಅರೆಬರೆ ಉರಿಯುತ್ತಾ ವಿಷ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯಿಲ್ಲ. ಮೊದಲು ತಲೆನೋವು ಬರುತ್ತದೆ, ಆಮೇಲೆ ಕಾಲಿನ ಶಕ್ತಿ ಹೋಗುತ್ತದೆ, ಬಾಗಿಲಿನ ಚಿಲಕ ಕೈಗೆ ಎಟುಕುವ ದೂರದಲ್ಲಿದ್ದರೂ ಕೈ ಏಳುವುದಿಲ್ಲ. ಇದನ್ನೆಲ್ಲ ನನಗೆ ಹೇಳಿದವರು ಡಾಕ್ಟರು. ಹೇಳಿದ್ದು ಆಮೇಲೆ. ಆ ಮನೆಗೆ ಪರದೆ ಹೊಲಿಯುವಾಗ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ.

ಮೊದಲು ಬಾಡಿಗೆಗೆ ಬಂದವನು ಷೂ ಅಂಗಡಿಯ ಸೇಲ್ಸ್‌ಮನ್. ಒಂಟಿ ಹುಡುಗ, ಕೂದಲಿಗೆ ಎಣ್ಣೆಯಂಥದ್ದೇನೋ ಬಳಿದು ಮಿರಮಿರ ಮಿಂಚುತ್ತಿದ್ದ. ಬೇಸಿಗೆಯಲ್ಲಿ ಬಂದ, ಸುಖವಾಗಿದ್ದ. ಚಳಿ ಶುರುವಾಗಿ ಕಿಟಕಿ ಮುಚ್ಚಿದ ಮೇಲೆ ಫೋನ್ ಮಾಡತೊಡಗಿದ. ಬೆಳಗ್ಗೆ ಸ್ನಾನ ಮಾಡಿ ಬಂದರೆ ತಲೆ ಸಿಡಿಯುತ್ತದೆ, ಅಂಗಡಿಗೆ ಹೋದರೆ ಸರಿಹೋಗುತ್ತದೆ ಎಂದು. ಅಕ್ಕ, "ರಾತ್ರಿ ಕುಡಿದಿದ್ದು ಬೆಳಗ್ಗೆ ಇಳೀಬೇಡ್ವಾ?" ಎಂದಳು. ಬಿರಡೆ ಮಾತ್ರ ತಲೆ ಕೆಡಿಸಿಕೊಂಡ. ತಲೆನೋವು ಎಂದರೆ ತಣ್ಣನೆ ಗಾಳಿ ಎಲ್ಲೋ ನುಗ್ಗುತ್ತಿದೆ ಎಂದೇ ಅವನ ತೀರ್ಮಾನ. ಒಂದು ಭಾನುವಾರ ಕೂತು ಅಡುಗೆಮನೆ ಕಿಟಕಿಯ ಸಂದಿಗಳನ್ನೆಲ್ಲ ಮುಚ್ಚಿ ಬಂದ. ಸೇಲ್ಸ್‌ಮನ್ನಿನ ತಲೆನೋವು ಹೆಚ್ಚಾಯಿತು. ಸ್ವಲ್ಪ ದಿನದಲ್ಲೇ ಅವನು ಬೇರೆ ಕೋಣೆ ಹುಡುಕಿಕೊಂಡು ಕಾಲು ಕಿತ್ತ.

ಆಮೇಲೆ ಬಂದವರು ಗಂಡ ಹೆಂಡತಿ. ಗಂಡ ಬಸ್ ಡ್ರೈವರ್. ಹೆಂಡತಿ ಮನೆಯಲ್ಲೇ ಕೂತು ಗೊಂಬೆಗಳಿಗೆ ಕೂದಲು ಅಂಟಿಸುತ್ತಿದ್ದಳು, ಯಾವುದೋ ಕಾರ್ಖಾನೆಯವರು ಚೀಲದ ತುಂಬ ಬೋಳು ಗೊಂಬೆಗಳನ್ನು ತಂದುಕೊಡುತ್ತಿದ್ದರು. ಪರದೆ ಹಾಕಲು ಹೋದ ನನಗೆ ಹಾಲಿನ ತುಂಬ ಸಾಲಾಗಿ ಕೂತ ಬೋಳು ತಲೆಗಳನ್ನು ನೋಡಿ ನಗು ಬಂದಿತ್ತು. ಒಂದು ಬೆಳಗ್ಗೆ ಅವಳು ಬಚ್ಚಲಿನಿಂದ ಹೊರಬರುತ್ತಲೇ ಹೊಸ್ತಿಲ ಮೇಲೆ ಕುಸಿದುಬಿದ್ದಳು. ವಾಂತಿ ಬೇರೆ. ಪಕ್ಕದ ಮನೆಯವರೆಲ್ಲ ಸೇರಿ ನೀರು ಚಿಮುಕಿಸಿ, ಗಾಳಿ ಬೀಸಿ, ಒಬ್ಬರನ್ನೊಬ್ಬರು ನೋಡಿ ಹುಬ್ಬು ಹಾರಿಸಿದರು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ, ಬೆಳಗ್ಗೆ ಎದ್ದು ವಾಂತಿ, ತಲೆಸುತ್ತು. ಇನ್ನೇನು ಬೇಕು! ಡ್ರೈವರ್ ಸಿಹಿ ಡಬ್ಬಿ ತಂದು ಸಂದಿಯ ಮನೆಮನೆಗೂ ಹಂಚಿದ. ಬಿರಡೆ ಕೂಡ ಒಂದು ತುಂಡು ತಂದು ನನಗೆ ಕೊಟ್ಟ. "ನಮ್ಮನೇಲಿ ಮೊದಲನೇ ಮಗು ಚಿಕ್ಕಮ್ಮ" ಎಂದು ಹಲ್ಲುಬಿಟ್ಟ.

ಪರೀಕ್ಷೆ ಮಾಡಿಸಿದರೆ ಮಗುವೂ ಇಲ್ಲ, ಮಣ್ಣೂ ಇಲ್ಲ. ಆ ಹುಡುಗಿ ನಾಚಿಕೆಯಿಂದ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಆಮೇಲೆ ಅವಳ ತಾಯಿ ಬಂದು, ಈ ಮನೆ ನಮಗೆ ಆಗಿಬರಲಿಲ್ಲ ಎಂದು ಬಾಗಿಲಲ್ಲಿ ನಿಂತು ಇಡೀ ಸಂದಿಗೆ ಕೇಳುವ ಹಾಗೆ ಹೇಳಿ ಮಗಳನ್ನು ಕರೆದುಕೊಂಡು ಹೋದಳು. ಹಿಂದೆಯೇ ಡ್ರೈವರನೂ ಗೊಂಬೆಗಳ ಚೀಲ ಹೊತ್ತುಕೊಂಡು ಹೋದ.

ಬಿರಡೆ ಖಾಲಿ ಮನೆಯ ಬಚ್ಚಲಿನಲ್ಲಿ ನಿಂತು ಬಹಳ ಹೊತ್ತು ಯೋಚಿಸಿದನಂತೆ. ಅವಳು ಬಿದ್ದದ್ದು ಹೊಸ್ತಿಲ ಮೇಲೆ. ಹಾಗಾದರೆ ಬಾಗಿಲ ಕೆಳಗಿನ ಸಂದಿಯಿಂದ ತಣ್ಣನೆ ಗಾಳಿ ಬಂದು, ಬಿಸಿನೀರಿನ ಸ್ನಾನ ಮಾಡಿದ ಮೈಗೆ ತಟ್ಟಿರಬೇಕು. ಮೂರು ಕಡೆ ರಬ್ಬರ್ ಹಾಕಿ ಕೆಳಗೆ ಬಿಟ್ಟದ್ದೇ ತಪ್ಪಾಯಿತು ಎಂದುಕೊಂಡ. ಬಾಗಿಲ ಕೆಳಗೂ ಒಂದು ಪಟ್ಟಿ ಕೂರಿಸಿದ. ಆ ಮನೆಗೆ ಉಳಿದಿದ್ದ ಕೊನೆಯ ಸಂದಿಯೂ ಮುಚ್ಚಿತು.

ಆ ತಾಯಿಯ ಮಾತು ಬ್ರೋಕರಿನ ಕಿವಿಗೆ ಬಿತ್ತು, ಬ್ರೋಕರಿನ ಬಾಯಿಂದ ಊರಿಗೆ ಬಿತ್ತು. ಬಂದವರು ಮನೆ ನೋಡುತ್ತಿದ್ದರು, ಬೆಚ್ಚಗಿದೆ, ಚೊಕ್ಕಟವಾಗಿದೆ ಎನ್ನುತ್ತಿದ್ದರು, ಪಕ್ಕದ ಮನೆಯಲ್ಲಿ ವಿಚಾರಿಸಿ ಹಿಂತಿರುಗಿ ನೋಡದೆ ಹೋಗುತ್ತಿದ್ದರು. ಬೀಗ ಹಾಕಿದ ಮನೆ ದುಡಿಯುವುದಿಲ್ಲ, ಬ್ಯಾಂಕಿನ ಕಂತು ಕಾಯುವುದಿಲ್ಲ. ಕಾರಿಗೆ ಒರಗಿದ ಮಹಾನುಭಾವ ಇದರ ಬಗ್ಗೆ ಏನೂ ಹೇಳಿರಲಿಲ್ಲ. ಹುಡುಗ ಸೊರಗಿದ. ಭಾನುವಾರವೂ ಗೋದಾಮಿಗೆ ಹೋಗತೊಡಗಿದ.

ಆಗ ಪುಟ್ಟಿ, "ನಾನೇ ಹೋಗಿ ಇರ್ತೀನಿ ಬಿಡಿ" ಎಂದಳು.

ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರನ್ನು ಕೂರಿಸಿ, ಗಾಜು ಬದಲಿಸುತ್ತಾ, "ಈಗ ಚೆನ್ನಾಗಿದ್ಯಾ? ಆಗ ಚೆನ್ನಾಗಿತ್ತಾ?" ಎಂದು ಕೇಳುವ ಕೆಲಸ. ಮನೆಯಲ್ಲಿ ಅಕ್ಕ ಊಟ ಬಡಿಸಿದರೂ ಅದೇ ದನಿಯಲ್ಲಿ, "ಈ ಸೌಟು ಚೆನ್ನಾಗಿತ್ತಾ, ಆ ಸೌಟು ಚೆನ್ನಾಗಿತ್ತಾ ಮೇಡಂ?" ಎಂದು ರೇಗಿಸುತ್ತಿದ್ದಳು. ಅವಳಿದ್ದ ಕಡೆ ಯಾರೂ ಬಹಳ ಹೊತ್ತು ಮುಖ ಊದಿಸಿಕೊಂಡು ಕೂರಲು ಆಗುತ್ತಿರಲಿಲ್ಲ. ನನಗೆ ಮಕ್ಕಳಿಲ್ಲ. ಅವಳು ನನ್ನ ಮಗಳೂ ಹೌದು ಎಂದು ಅಕ್ಕನಿಗೆ ಗೊತ್ತಿತ್ತು, ಅಕ್ಕ ಅದಕ್ಕೆ ಯಾವತ್ತೂ ಅಡ್ಡ ಬರಲಿಲ್ಲ.

"ನನ್ನ ಅಂಗಡಿ ಅಲ್ಲಿಂದ ಹತ್ರ. ನಾನು ಒಂದು ಚಳಿಗಾಲ ಗುಂಡುಕಲ್ಲಿನ ಹಾಗೆ ಇದ್ದು ತೋರಿಸ್ತೀನಿ. ಆಮೇಲೆ ಯಾರು ಆಗಿಬರಲ್ಲ ಅಂತಾರೋ ನೋಡೋಣ" ಎಂದಳು. ಅಣ್ಣ ಬೇಡ ಎನ್ನಲಿಲ್ಲ. ತಂಗಿ ಬಾಳಿನಲ್ಲಿ ಮೊದಲ ಸಲ ಸ್ವಂತ ಮನೆಯಲ್ಲಿ, ಒಂದು ಎಳೆ ಚಳಿಗಾಳಿಯೂ ತಾಕದ ಮನೆಯಲ್ಲಿ ಮಲಗುತ್ತಾಳೆ ಎಂದು ಅವನ ಕಣ್ಣು ತುಂಬಿತ್ತು. ನಾನು ಕಣ್ಣಾರೆ ಕಂಡೆ.

ಹೋದ ಹೊಸದರಲ್ಲಿ ಅವಳ ಮುಖ ಬಾಡಿತ್ತು. ಏನೇ ಎಂದರೆ, "ಹೊಸ ಜಾಗ ಚಿಕ್ಕಮ್ಮ, ನಿದ್ದೆ ಸರಿಯಾಗಿ ಬರ್ತಿಲ್ಲ" ಎಂದಳು. ಒಂದು ವಾರ ಕಳೆದ ಮೇಲೆ ಸರಿಹೋದಳು. ಕೆನ್ನೆಗೆ ಬಣ್ಣ ಬಂತು, ಹಳೆಯ ತುಂಟತನ ಮರಳಿತು. ಬಿರಡೆ ಬ್ರೋಕರಿಗೆ ಫೋನ್ ಹಚ್ಚಿ, "ನನ್ ತಂಗೀನೇ ಇದಾಳೆ, ಬಂದು ನೋಡ್ರಿ ಹೇಗಿದಾಳೆ ಅಂತ" ಎಂದು ದನಿ ಏರಿಸಿ ಮಾತಾಡಿದ. ನಮಗೆಲ್ಲ ಎದೆಯ ಭಾರ ಇಳಿಯಿತು.

ಆ ವಾರದಲ್ಲಿ ಪುಟ್ಟಿ ಮಾಡಿದ್ದೇನೆಂದು ನಮಗೆ ತಿಳಿದದ್ದು ತಡವಾಗಿ. ಅವಳು ಬಚ್ಚಲ ಬಾಗಿಲ ಕೆಳಗಿನ ರಬ್ಬರ್ ಪಟ್ಟಿಯನ್ನು ಅರ್ಧಕ್ಕೂ ಹೆಚ್ಚು ಕಿತ್ತುಬಿಟ್ಟಿದ್ದಳು. ಅವಳ ಉಸಿರು ಆ ಸಂದಿಯನ್ನೇ ನೆಚ್ಚಿಕೊಂಡಿತ್ತು.

ಚಳಿ ಜೋರಾಗುವ ಮುಂಚೆ ಅಕ್ಕ ಹೋಗಿ ಮಗಳ ಜೊತೆ ಒಂದು ರಾತ್ರಿ ಉಳಿದಳು. ಮರುದಿನ ಬೆಳಗ್ಗೆ ಸ್ನಾನ ಮಾಡುವಾಗ ಕಾಲಿಗೆ ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ರಬ್ಬರ್ ಜೋತುಬಿದ್ದಿದೆ. ಪುಟ್ಟಿ ಅಷ್ಟರಲ್ಲಿ ಅಂಗಡಿಗೆ ಹೋಗಿಯಾಗಿತ್ತು. ಮಧ್ಯಾಹ್ನ ಅಕ್ಕ ತರಕಾರಿ ತರಲು ಹೋಗಿ ಬಂದಳು. ಅವತ್ತು ಸಂಜೆ ನಾನು ದಪ್ಪ ಪರದೆ ಹಾಕಲು ಅಲ್ಲಿಗೆ ಹೋಗಿದ್ದೆ. ಏಣಿ ಹಿಡಿಯಲು ಬಿರಡೆಯೂ ಬಂದಿದ್ದ. ಅಕ್ಕ ಲಾಂಡ್ರಿಯ ಸಂಜೆ ಪಾಳಿಗೆ ಹೊರಟವಳು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ತಿರುಗಿದಳು.

"ಲೋ, ಬಚ್ಚಲ ಬಾಗಿಲ ಕೆಳಗೆ ರಬ್ಬರ್ ಕಿತ್ತುಬಂದಿದೆ ಕಣೋ. ಬೆಳಗ್ಗೆ ನೋಡಿದೆ. ಅಂಟಿಸಿಬಿಡು. ನಾಳೆಯಿಂದ ಚಳಿ ಜಾಸ್ತಿಯಂತೆ, ಅವಳ ಎದೆ ಮೊದ್ಲೇ ಸರಿಯಿಲ್ಲ."

"ಆಯ್ತಮ್ಮ, ನೋಡ್ತೀನಿ. ನೀನು ಹೊರಡು, ಬಸ್ ತಪ್ಪುತ್ತೆ."

ಅಕ್ಕ ಹೋದಳು. ನಾನು ಏಣಿಯಿಂದ ಇಳಿದು, ಚಹಾಕ್ಕೆ ನೀರಿಟ್ಟೆ. ಬಿರಡೆ ತನ್ನ ಕೆಲಸದ ಪೆಟ್ಟಿಗೆ ತೆಗೆದು ನೆಲದ ಮೇಲೆ ಮೊಣಕಾಲೂರಿ ಕೂತ. ಹಳೆಯ ಅಂಟು ಕೆರೆದು, ಒರೆಸಿ, ಒಣಗಿಸಿ, ಹೊಸ ಅಂಟು ಬಳಿದು, ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿದ. "ಇನ್ನು ಇದು ಬಾಗಿಲು ಹೋದ್ರೂ ಹೋಗಲ್ಲ ಚಿಕ್ಕಮ್ಮ" ಎಂದ. ನಾವು ಚಹಾ ಕುಡಿದೆವು. ಪುಟ್ಟಿ ಬರುವುದು ತಡವಾಗುತ್ತದೆ ಎಂದು ಬೀಗ ಹಾಕಿಕೊಂಡು ಹೊರಟೆವು. ರಬ್ಬರ್ ಅಂಟಿಸಿದ್ದನ್ನು ಅವಳಿಗೆ ಹೇಳಬೇಕೆಂದು ನಮಗೆ ಹೊಳೆಯಲೂ ಇಲ್ಲ. ಅದೇನು ಹೇಳುವಂಥ ವಿಷಯವೇ?

ಮರುದಿನ ಚಳಿ ನಿಜಕ್ಕೂ ಬಿತ್ತು. ನಾನು ಅಂಗಡಿ ತೆರೆದು ಕೈ ಉಜ್ಜಿಕೊಳ್ಳುತ್ತಾ ಕೂತಿದ್ದಾಗ ಬಿರಡೆಯ ಫೋನ್ ಬಂತು. ಪುಟ್ಟಿ ಕೆಲಸಕ್ಕೆ ಬಂದಿಲ್ಲ ಎಂದು ಕನ್ನಡಕದ ಅಂಗಡಿಯವರು ಅವನಿಗೆ ಫೋನ್ ಮಾಡಿದ್ದರು. "ನೀವು ಹತ್ರ ಇದೀರಲ್ಲ ಚಿಕ್ಕಮ್ಮ, ಒಂದ್ಸಲ ನೋಡ್ಕೊಂಡು ಬನ್ನಿ. ಮಲಗಿಬಿಟ್ಟಿದಾಳೋ ಏನೋ. ನಾನೂ ಬರ್ತಿದೀನಿ" ಎಂದ.

ಬಾಗಿಲು ತಟ್ಟಿದೆ, ಕರೆದೆ. ಉತ್ತರವಿಲ್ಲ. ಕಿಟಕಿಗೆ ಕಿವಿಯಿಟ್ಟೆ, ಏನೂ ಕೇಳಿಸಲಿಲ್ಲ. ಆ ಮನೆಯೊಳಗಿನ ಸದ್ದು ಹೊರಗೆ ಬರುವಂತೆಯೇ ಇರಲಿಲ್ಲ, ಅಷ್ಟು ಚೆನ್ನಾಗಿ ಮುಚ್ಚಿದ್ದ. ಸುತ್ತಿಕೊಂಡು ಹಿಂದುಗಡೆಗೆ ಹೋದೆ. ವೆಂಟಿಲೇಟರ್ ಇದ್ದ ಜಾಗದಲ್ಲಿ ಬಿಳಿ ಹಲಗೆ. ಅದರ ಕೆಳಗೆ, ಬಚ್ಚಲ ಕೊಳವೆ ಮೋರಿಗೆ ಬೀಳುವಲ್ಲಿ, ಧಾರೆಯಾಗಿ ನೀರು ಬರುತ್ತಿತ್ತು. ಚಳಿಯಲ್ಲಿ ಆ ನೀರಿನಿಂದ ದಟ್ಟವಾಗಿ ಹಬೆ ಏಳುತ್ತಿತ್ತು. ಕೈ ಒಡ್ಡಿದೆ. ಸುಡುವಷ್ಟು ಬಿಸಿ. ಇಷ್ಟು ಹೊತ್ತಿನವರೆಗೆ ಯಾರು ಸ್ನಾನ ಮಾಡುತ್ತಾರೆ? ಅವಳ ಹೆಸರು ಹಿಡಿದು ಗೋಡೆಗೆ ಕೂಗಿದೆ.

ಬಿರಡೆ ಬಂದು ತನ್ನ ಬಳಿಯಿದ್ದ ಕೀಲಿಯಿಂದ ಮುಂಬಾಗಿಲ ಬೀಗ ತೆಗೆದ. ಬಚ್ಚಲ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಒದ್ದ. ಅದು ಒದ್ದರೆ ಮುರಿಯುವ ಬಾಗಿಲಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ, ಆದರೂ ಒದ್ದ, ಹೆಗಲು ಕೊಟ್ಟ, ಮತ್ತೆ ಒದ್ದ. ಪಕ್ಕದ ಮನೆಯವನು ಹಾರೆ ತಂದ. ಹಾರೆಯ ತುದಿ ತೂರಿಸಲು ಸಂದಿಯೇ ಸಿಗಲಿಲ್ಲ. ಚೌಕಟ್ಟಿನ ಪಕ್ಕದ ಗೋಡೆಯನ್ನೇ ಒಡೆಯಬೇಕಾಯಿತು. ಬಾಗಿಲು ಬಿದ್ದಾಗ ಗೀಸರಿನಲ್ಲಿ ಹಳದಿ ಬೆಂಕಿ ಇನ್ನೂ ಉರಿಯುತ್ತಿತ್ತು. ನನ್ನ ಪುಟ್ಟಿ ಬಾಗಿಲ ಬುಡದಲ್ಲಿ, ಮುಖವನ್ನು ನೆಲದ ಹತ್ತಿರ ಆ ರಬ್ಬರ್ ಪಟ್ಟಿಯ ಕಡೆಗೆ ಇಟ್ಟು ಮಲಗಿದ್ದಳು. ಕೆನ್ನೆ ಕೆಂಪಗಿತ್ತು. ಬದುಕಿದ್ದಾಳೆ ಎಂದೇ ನಾನು ತಿಳಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ನಾನು ಆಗಲೇ ಹೇಳಿದ್ದನ್ನೆಲ್ಲ ಹೇಳಿದರು, ಕೆನ್ನೆ ಕೆಂಪಾದದ್ದೂ ಆ ವಿಷದಿಂದಲೇ ಎಂದರು. ಬಿರಡೆ ಕೈಕಟ್ಟಿಕೊಂಡು, ಪಾಠ ಕೇಳುವವನಂತೆ ಪೂರ್ತಿ ಕೇಳಿಸಿಕೊಂಡ. "ಗಾಳಿ ಸ್ವಲ್ಪವಾದ್ರೂ ಆಡ್ತಿದ್ರೆ ಉಳೀತಿದ್ರು" ಎಂದರು ಡಾಕ್ಟರು. ಅವನು ತಲೆಯಾಡಿಸಿದ. ಅಳಲಿಲ್ಲ. ಅವನು ಅತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು, ಯಾಕೆಂದರೆ ಅವನ ಆ ಮುಖ ನೋಡಲು ನನಗೆ ಭಯವಾಗುತ್ತಿತ್ತು.

ಎಲ್ಲ ಮುಗಿದು ಕೆಲವು ದಿನಗಳಾದ ಮೇಲೆ ಕನ್ನಡಕದ ಅಂಗಡಿಯಿಂದ ಪುಟ್ಟಿಯ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಅಕ್ಕನನ್ನು ಮಾತಾಡಿಸಲು ಬಂದಳು. ಅಕ್ಕ ಮಂಚದ ಮೇಲೆ ಕೂತಿದ್ದಳು, ಬಿರಡೆ ಅವಳ ಪಕ್ಕದಲ್ಲಿ, ನಾನು ಎದುರಿನ ಬೆಂಚಿನ ಮೇಲೆ. ಹುಡುಗಿ ಅಳುತ್ತಾ ಅಳುತ್ತಾ ಮಾತಾಡಿದಳು.

"ಹೋದ ಹೊಸದ್ರಲ್ಲಿ ಅವಳಿಗೆ ದಿನಾ ತಲೆನೋವು ಆಂಟಿ. ಬಚ್ಚಲಲ್ಲಿ ಉಸಿರು ಕಟ್ಟುತ್ತೆ ಅಂತಿದ್ಲು. ಆಮೇಲೆ ಬಾಗಿಲ ಕೆಳಗಿನ ರಬ್ಬರ್ ಕಿತ್ತುಹಾಕಿದ್ಲಂತೆ. ಅವತ್ತಿಂದ ತಲೆನೋವೇ ಇಲ್ಲ. 'ಅಣ್ಣಂಗೆ ಹೇಳ್ಬೇಡ ಕಣೇ, ಅಷ್ಟು ಆಸೆಯಿಂದ ಹಾಕಿದಾನೆ, ಬೇಜಾರು ಮಾಡ್ಕೋತಾನೆ' ಅಂತ ನಗ್ತಿದ್ಲು. ಚೆನ್ನಾಗೇ ಇದ್ಲಲ್ಲ ಆಂಟಿ, ಮತ್ತೆ ಹೇಗೆ ಹೀಗಾಯ್ತು?"

ಹುಡುಗಿ ಮುಖ ಒರೆಸಿಕೊಂಡು, ಹೇಳಬಾರದ್ದೇನೋ ಹೇಳಿದೆನೇನೋ ಎಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಎದ್ದು ಹೊರಟಳು. ಅವಳು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಅಕ್ಕ ಮಗನ ಕಡೆ ತಿರುಗಿದಳು. ಅವಳ ದನಿ ಎಲ್ಲೋ ಆಳದಿಂದ ಬಂತು.

"ಅವತ್ತು ಸಂಜೆ ನಾನು ಹೇಳಿದ್ನಲ್ಲೋ... ರಬ್ಬರ್ ಕಿತ್ತುಬಂದಿದೆ, ಅಂಟಿಸು ಅಂತ. ನಾನು ಹೇಳಿದ್ದಕ್ಕೇನೋ ನೀನು ಅಂಟಿಸಿದ್ದು?"

ಅವಳು ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಬಿರಡೆ ಅವಳ ಕೈಯನ್ನು ನೋಡಿದ.

"ಇಲ್ಲಮ್ಮ. ನೀನು ಹೇಳೋಷ್ಟರಲ್ಲಿ ಅಂಟಿಸಿ ಆಗಿತ್ತು. ಮಧ್ಯಾಹ್ನ ನೀನು ತರಕಾರಿಗೆ ಹೋಗಿದ್ದಾಗ್ಲೇ ಬಂದು ಅಂಟಿಸಿದ್ದೆ. ನಿಂಗೆ ಬಸ್ ತಪ್ಪುತ್ತೆ ಅಂತ ಸುಮ್ನೆ ಆಯ್ತು ಅಂದೆ."

"ನಾನು ಹೇಳೋಕೆ ಮುಂಚೇನೇ?"

"ಮುಂಚೇನೇ ಅಮ್ಮ. ಚಿಕ್ಕಮ್ಮನ್ನ ಕೇಳು ಬೇಕಾದ್ರೆ."

ಇಬ್ಬರೂ ನನ್ನ ಕಡೆ ನೋಡಿದರು. ಅವನು ಮೊಣಕಾಲೂರಿ ಕೂತದ್ದು, ಹೆಬ್ಬೆರಳಿನಿಂದ ಒತ್ತಿದ್ದು, ನಾನು ಚಹಾಕ್ಕೆ ನೀರಿಟ್ಟದ್ದು, ಎಲ್ಲ ನನ್ನ ಕಣ್ಣ ಮುಂದೆ ಇತ್ತು.

"ಹೂಂ ಅಕ್ಕ" ಎಂದೆ. "ನಾನು ಬರೋಷ್ಟರಲ್ಲಿ ಅವನು ಅಂಟಿಸಿಬಿಟ್ಟಿದ್ದ."

ಅಕ್ಕ ಹಿಡಿದಿದ್ದ ಉಸಿರನ್ನು ಬಿಟ್ಟಳು. ಮಗನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, ತಪ್ಪೆಲ್ಲ ಅವನೊಬ್ಬನದೇ ಎಂಬಂತೆ, ಅವನ ಪಕ್ಕದಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು.